ಎಂಟನೆಯ ಮೂರು

"ಇಳೀರಿ ಕೆಳಗೆ. ಅದು ತಪ್ಪು," ಎಂದಳು ಅವಳು. ಏಣಿಯ ಮೇಲೆ ನಿಂತು ಕರಿಹಲಗೆಯ ನೆತ್ತಿಗೆ ಹಿತ್ತಾಳೆಯ ಫಲಕ ಕೂರಿಸುತ್ತಿದ್ದ ಗಂಡನ ಕೈ ನಿಂತಿತು.

ಏಣಿ ಹಿಡಿದಿದ್ದ ಮಾವ ತಿರುಗಿ ನೋಡಿದರು. ಇದೇ ಕೋಣೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಈಗ ಅದೇ ಪಾಠ ಸೊಸೆಯದು. ಫಲಕದಲ್ಲಿ ಅವರ ಹೆಸರು, ಅದರಡಿ ಅವರು ಕಂಡುಕೊಂಡ ನಿಯಮ: ೩೧, ೩೩೧, ೩೩೩೧... ಹೀಗೆ ಒಂದರ ಹಿಂದೆ ಎಷ್ಟು ಮೂರು ಸೇರಿಸಿದರೂ ಅದು ಅವಿಭಾಜ್ಯವೇ, ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ನಾಳೆ ಅನಾವರಣ. ಬೆಳಿಗ್ಗೆ ಫಲಕವನ್ನು ಅವಳಿಗೆ ಉಜ್ಜಲು ಕೊಟ್ಟಿದ್ದರು. ಸರಿಯಿದೆಯಾ ಎಂದು ಯಾರೂ ಕೇಳಿರಲಿಲ್ಲ. ಉಜ್ಜುತ್ತಲೇ ಅವಳು ಮನಸ್ಸಿನಲ್ಲಿ ಭಾಗಿಸಿದ್ದಳು.

"ಏನಮ್ಮಾ ತಪ್ಪು? ಏಳು ಮೂರರವರೆಗೆ ನಾನೇ ಕೈಯಾರೆ ಲೆಕ್ಕ ಮಾಡಿದೀನಿ."

"ಎಂಟನೇದು, ಮಾವ?"

"ಏಳು ಸರಿ ಬಂದ್ಮೇಲೆ ಎಂಟು ಎಲ್ಲಿಗೆ ಓಡಿಹೋಗತ್ತೆ!" ಮಗನ ಕಡೆ ನೋಡಿ ನಕ್ಕರು. ಮಗನೂ ನಕ್ಕ.

ಅವಳು ಹಲಗೆಯ ಮೇಲೆ ೩೩೩೩೩೩೩೩೧ ಎಂದು ಬರೆದಳು. ಒತ್ತಿದ ರಭಸಕ್ಕೆ ಸೀಮೆಸುಣ್ಣ ಮುರಿಯಿತು. ಉಳಿದ ತುಂಡಿನಲ್ಲೇ ಹದಿನೇಳರಿಂದ ಭಾಗಿಸಿದಳು. ಕೊನೆಗೆ ಉಳಿದದ್ದು ಸೊನ್ನೆ.

ಮಾವ ಕನ್ನಡಕ ಏರಿಸಿ, ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದರು. ಎಷ್ಟೆಂದರೂ ಮೇಷ್ಟರ ಬೆರಳು. ಸೊನ್ನೆಗೆ ಬಂದು ನಿಂತುಬಿಟ್ಟಿತು. ಆಮೇಲೆ ಅವರು ಡಸ್ಟರ್ ತೆಗೆದುಕೊಂಡು ಎಲ್ಲವನ್ನೂ ಅಳಿಸಿದರು.

"ಮೂವತ್ತಮೂರು ಕೋಟಿ ದಾಟಿ ಯಾವ ಮಗು ಹೋಗಿ ನೋಡತ್ತೆ? ಒಂದೇ ಒಂದು ಸಂಖ್ಯೆ ತಾನೆ. ನುಂಗ್ಕೋ."

ನುಂಗ್ಕೋ. ಮುಂದೆ ಓದುತ್ತೇನೆ ಎಂದದ್ದಕ್ಕೆ ಬೇಡವೆಂದಾಗ ನುಂಗಿದ್ದಳು. ತವರಿನವರನ್ನು ಆಡಿಕೊಂಡಾಗ, ನಾಲ್ಕು ಜನರೆದುರು ಅವಳ ಪಾಠವನ್ನು "ನಮ್ಮ ಪುಣ್ಯ, ಹೇಗೋ ನಡೀತಿದೆ" ಎಂದು ಗಂಡ ನಕ್ಕಾಗಲೂ ನುಂಗಿದ್ದಳು. ನಾಳೆಯಿಂದ ದಿನವೂ ಈ ಸುಳ್ಳಿನ ಕೆಳಗೆ ನಿಂತು, ಮಕ್ಕಳ ಬಾಯಲ್ಲಿ ಇದನ್ನೇ ಹೇಳಿಸಬೇಕು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಒಂದೇ ಸಾಕು, ಮಾವ. ನಿಯಮ ಬಿದ್ದುಹೋಗೋಕೆ ಎರಡನೇದು ಬೇಕಿಲ್ಲ." ಅದೇ ಸಂಖ್ಯೆಯನ್ನು ಮತ್ತೆ ಬರೆದಳು, ಈ ಸಲ ಹಲಗೆಯ ತುಂಬ. "ಇದರ ಕೆಳಗೆ ನಾನು ಪಾಠ ಮಾಡಲ್ಲ. ಫಲಕವಾದರೂ ಇರಲಿ, ಇಲ್ಲ ನಾನಾದರೂ ಇರ್ತೀನಿ."

ಗಂಡ ದಡದಡನೆ ಇಳಿದು ಬಂದ. "ಏನೇ ಇದು, ಅಪ್ಪನ ಮುಂದೆ? ಇಷ್ಟು ವರ್ಷದಲ್ಲಿ ಒಂದು ದಿನ ಎದುರಾಡಿದವಳಲ್ಲ ನೀನು!"

"ಹೌದು," ಎಂದಳು ಅವಳು, ಕೈಯ ಸುಣ್ಣ ಕೊಡವುತ್ತ. "ಅದನ್ನೂ ನೀವು ನಿಯಮ ಅಂದ್ಕೊಂಡ್ರಿ."