ಏಳೆಂಟ್ಲೆ ಎಷ್ಟು?

ಶಾಲೆಯ ಹಿಂದೆ ಸಿಕಂದರನ ಮುಷ್ಟಿ ಭಾಗಪ್ಪನ ಮೂಗಿನ ಕೆಳಗೆ ನಿಂತಿದ್ದನ್ನು ಚಮನಸಾಬ ಮಾಸ್ತರರು ಕಣ್ಣಾರೆ ಕಂಡರು.

"ಬಾಯಿ ತಗದಿ ಅಂದ್ರ ನೋಡು ಮಗನ!"

ವಾರದಿಂದ ಹುಡುಕುತ್ತಿದ್ದ ಕಳ್ಳ ಸಿಕ್ಕಿದ. ಸಿಕಂದರನೆಂದರೆ ಸಾಮಾನ್ಯದವನೇ? ಅವನು ತಿಕೋಟಾದಲ್ಲಿ ಸೀನಿದರೆ ಬಬಲೇಶ್ವರದಲ್ಲಿ ಎತ್ತುಗಳು ಬೆದರುತ್ತಿದ್ದವು.

ನಾಲ್ಕನೆಯ ಇಯತ್ತೆಯೂ ಸಾಮಾನ್ಯದ್ದಲ್ಲ. ಗೋಳಗುಮ್ಮಟ ಒಂದು ಕೂಗಿಗೆ ಏಳು ಸಲ ಉತ್ತರ ಕೊಟ್ಟರೆ ಇದು ಎಪ್ಪತ್ತು ಸಲ ಕೊಡುತ್ತಿತ್ತು. ಮಗ್ಗಿ ಹೇಳಿದರೆ ಮಾಳಿಗೆಯ ಮಣ್ಣು ಉದುರಬೇಕು. ಪ್ರಶ್ನೆ ಮಾಸ್ತರರ ಗಂಟಲಲ್ಲಿರುವಾಗಲೇ ಭಾಗಪ್ಪನ ಉತ್ತರ ಹೊರಬಿದ್ದಿರುತ್ತಿತ್ತು. ಬೆತ್ತ ಮೂಲೆಯಲ್ಲಿ ಗೆದ್ದಲಿಗೆ ಊಟವಾಗಿತ್ತು. ತಪ್ಪಿದವರ ಮೂಗು ಹಿಡಿದು ಬಲ್ಲವರು ಕಪಾಳಕ್ಕೊಂದು ಕೊಡುವುದು ಎಲ್ಲ ಶಾಲೆಗಳ ರೂಢಿ. ಹಾಗಾಗಿ "ನಾ ಒಂದು ಕೂಸಿಗೂ ಕೈ ಎತ್ತಿದಾಂವಲ್ಲ" ಎಂಬ ಮಾಸ್ತರರ ಜಂಬ ವಿಜಾಪುರದವರೆಗೂ ಕೇಳಿಸುತ್ತಿತ್ತು.

ಅಂಥ ಇಯತ್ತೆ ಸೋಮವಾರದಿಂದ ಮೂಕವಾಗಿತ್ತು.

ಅದರ ಹಿಂದಿನ ದಿನವೇ ಅದೇ ಇಯತ್ತೆಯ ಸಬೀರಾಳ ತಾಯಿ ಇಮಾಮಬಿ ಮಾಸ್ತರರ ಮನೆಗೆ ಬಂದು ಅತ್ತಿದ್ದಳು.

"ನನ್ನ ಮಗಳನ್ನ ಸಾಲ್ಯಾಗ ದಿನಾ ಬಡ್ಯಾಕತ್ತಾರ್ರೀ. ಯಾರು ಅಂದ್ರ, 'ಯಾರೂ ಬೇಕಂತ ಬಡಿಯೂದಿಲ್ಲ' ಅಂತಾಳ. ಮೊದಲ ತೊದಲು, ಈಗ ಮಾತ ಹೊರಡವಲ್ದು. ಶನಿವಾರದೊಳಗ ಹಿಡೀರಿ, ಇಲ್ಲಾಂದ್ರ ಸಾಲಿ ಬಿಡಸ್ತೀನಿ."

"ಹಿಡದು ಚರ್ಮಾ ಸುಲೀತೀನಿ, ನೀ ಚಿಂತಿ ಬಿಡವಾ."

ಇಂದು ಶನಿವಾರ. ಇಮಾಮಬಿ ಬಾಗಿಲಲ್ಲಿ ನಿಂತಿದ್ದಳು. ಒಳಗೆಲ್ಲ ತಪ್ಪು ಮಾಡಿದ ಮುಖಗಳು.

"ಸಬೀರಾ, ಏಳೆಂಟ್ಲೆ ಎಷ್ಟು?"

"ಐ... ಐ..." ಹುಡುಗಿಯ ಮಾತು ಅಲ್ಲೇ ಸಿಕ್ಕಿಕೊಂಡಿತು.

"ಭಾಗಪ್ಪ?"

ಭಾಗಪ್ಪ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ನೆಲ ನೋಡಿದ. "ಬರೂದಿಲ್ರೀ."

ಮಾಸ್ತರರು ಸಿಕಂದರನ ಕಿವಿ ಹಿಡಿದು ಎಬ್ಬಿಸಿದರು. "ಇವರ ಬಾಯಿ ಮುಚ್ಚಿಸಿದಾಂವ ನೀನ ಹೌದಿಲ್ಲೋ?"

"ಹೌದ್ರೀ. ನಾವು ಸಬೀರಾನ ಬಾಜೂಮನಿಯವ್ರು. ಆಕಿ ಸಾಲಿ ಬಿಡ್ತಾಳಂತ ಗೊತ್ತಾತು..."

"ಗೊತ್ತಾಗಿ ಹೆದರಿದಿ! ಬಡದಾಂವ ಯಾರಂತ ಇವರು ಹೇಳಬಾರ್ದಲ್ಲ?"

ಮಾಸ್ತರರು ಮೂಲೆಯ ಬೆತ್ತ ಎತ್ತಿದರು. ಗೆದ್ದಲಿನ ಮಣ್ಣು ಉದುರಿತು. ಬೆತ್ತ ಗಾಳಿಯಲ್ಲಿರುವಾಗಲೇ ಭಾಗಪ್ಪ ನಡುವೆ ನುಗ್ಗಿ, ಅಳುತ್ತ, ಬಲಗೈ ಚಾಚಿದ.

"ಅವನ್ನ ಬ್ಯಾಡ್ರೀ! ಇದಕ್ಕ ಹೊಡೀರಿ. ಬಡದಾಂವ ನಾನ್ರೀ."

ಬಾಗಿಲಲ್ಲಿ ಇಮಾಮಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಹಿಂದಿನ ಸಾಲಿನಲ್ಲಿ ಪರಸವ್ವ ಎದ್ದು ಕೈ ಚಾಚಿದಳು. ಆಮೇಲೆ ಹಣಮಂತ. ಆಮೇಲೆ ಇಡೀ ಇಯತ್ತೆ.

ಮಾಸ್ತರರ ಬೆತ್ತ ಕೆಳಗಿಳಿಯಿತು. "ಯಾಕ್ರೋ ಯಪ್ಪಾ? ಆ ಕೂಸು ನಿಮಗೇನ ಮಾಡಿತ್ತು?"

ಭಾಗಪ್ಪ ಮೂಗು ಒರೆಸಿಕೊಂಡ.

"ಐವತ್ತಾರು ಅಂತ ನಮಗೆಲ್ಲಾ ಬರ್ತದ್ರೀ, ಹೇಳಿದ್ರ, ಸಬೀರಾನ ಮೂಗು ಹಿಡಿ ಅಂತೀರಿ."