ಒಂದೇ ಅಚ್ಚಿನ ರೂಮು

ಹುಟ್ಟಲಿರುವ ಮಗುವಿನ ಬಟ್ಟೆಗಳನ್ನು ತಂಗಿ ಸದ್ದಿಲ್ಲದೆ ಮಡಿಸುತ್ತಿದ್ದಳು. ತುಂಬು ಬಸುರಿ ಅಕ್ಕ ಪಕ್ಕದಲ್ಲೇ ಕಾಲು ಚಾಚಿ ಕೂತು ಗಂಡನಿಗೆ ವಿಡಿಯೋ ಕಾಲ್ ಮಾಡಿದ್ದಳು.

"ಹೆರಿಗೆಗಾದ್ರೂ ಬರ್ತೀರೋ, ಇಲ್ಲ ಮಗು ಶಾಲೆಗೆ ಸೇರಿದ ಮೇಲೋ?"

"ರಜ ಕೊಟ್ರೆ ತಾನೆ? ಇಲ್ಲಿಂದ ಬರೋಕೇ ಎರಡು ದಿನ ಬೇಕು. ಈ ಹೋಟೆಲಿನವರದ್ದು ಎಲ್ಲ ಊರಲ್ಲೂ ಒಂದೇ ಅಚ್ಚು ನೋಡು. ಅದೇ ಮಂಚ, ಅದೇ ದೀಪ. ಬೆಳಿಗ್ಗೆ ಎದ್ರೆ ಯಾವ ಊರು ಅಂತ ನಂಗೇ ಗೊತ್ತಾಗಲ್ಲ!"

ಅಕ್ಕ ನಕ್ಕಳು. ತಂಗಿಗೂ ಆ ಅಚ್ಚು ಗೊತ್ತಿತ್ತು. ಭಾವ ಬೈದಾರೆಂದು ಅವರಿಗೆ ತಿಳಿಸದೆ, ತಮ್ಮೂರಿನ ಹೆದ್ದಾರಿ ಬದಿಯಲ್ಲಿರುವ ಅದೇ ಕಂಪನಿಯ ಹೋಟೆಲಿನಲ್ಲಿ ರೂಮು ಗುಡಿಸುವ ಕೆಲಸಕ್ಕೆ ಅವಳು ಸೇರಿದ್ದಳು. ಸುಮ್ಮನೆ ಫೋನಿನತ್ತ ಬಗ್ಗಿ ನೋಡಿದವಳ ಕೈ ಅಲ್ಲೇ ನಿಂತಿತು. ಭಾವನ ಹಿಂದಿನ ಬೂದು ಪರದೆಯಲ್ಲಿ ಗೇಣುದ್ದದ ಹಸಿರು ಹೊಲಿಗೆ ಇತ್ತು. ಬೂದು ದಾರ ಮುಗಿದಿತ್ತೆಂದು ಮೊನ್ನೆ ಮೂಲೆ ರೂಮಿನ ಆ ಹರುಕನ್ನು ಹಸಿರು ದಾರದಲ್ಲಿ ಹೊಲಿದವಳು ಅವಳೇ. ಆ ಕಿಟಕಿಯಿಂದ ಕಾಣುವುದು ತಮ್ಮ ಬೀದಿಯ ನೀರಿನ ಟ್ಯಾಂಕು.

ಭಾವನೆದುರು ಎಂದೂ ಬಾಯಿ ಬಿಡದವಳು, "ಭಾವ, ಆ ಪರದೆ ಸರಿಸ್ತೀರಾ?" ಎಂದಳು.

ಭಾವನ ನಗು ಒಣಗಿತು. ಅಕ್ಕ ಫೋನನ್ನೂ ತಂಗಿಯನ್ನೂ ಮಿಕಿಮಿಕಿ ನೋಡಿದಳು.

"ಸ್ವಲ್ಪ ಸರಿಸಿ, ಭಾವ. ಅಕ್ಕ ನೋಡ್ಲಿ."