ಕ್ಲಚ್ ಸರಿಯಾದ ಮಧ್ಯಾಹ್ನ

ಬ್ರೇಕ್ ಆಯಿಲ್ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಅಪ್ಪನನ್ನು ಬಿಟ್ಟು, ನನ್ನನ್ನು ಕರೆದುಕೊಂಡು ಹುಕ್ಕೇರಿಯ ತವರಿಗೆ ಹೊರಟಿದ್ದಳು. ಅಪ್ಪನೇ ತನ್ನ ಹಳೆಯ ಪಿಕಪ್‌ನಲ್ಲಿ ನಮ್ಮನ್ನು ಬಿಡಲು ಬಂದಿದ್ದ. ಘಟಪ್ರಭಾ ದಾಟುತ್ತಲೇ ಕ್ಲಚ್ ಪೆಡಲ್ ಕೆಳಗೆ ಕುಸಿದು ಮೇಲೇಳಲಿಲ್ಲ. ಇನ್ನು ಮನೆಗೆ ಮರಳುತ್ತೇವೆಂದು ನಾನು ಒಳಗೊಳಗೇ ಹಿಗ್ಗಿದೆ.

ಅಪ್ಪ ಕ್ಲಚ್ಚಿಗೂ ಹಾಕುವ ಬ್ರೇಕ್ ಆಯಿಲ್ ಸುರಿದು, ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆಯಲು ಗಾಡಿಯ ಕೆಳಗೆ ಮಲಗಿದ. ಅವ್ವ ಚಪ್ಪಲಿ ಕಳಚಿ, ಬರಿಗಾಲಲ್ಲಿ ಪೆಡಲ್ ಒತ್ತಿದಳು.

"ಗಾಳಿ ಹೋತೇನ್ರಿ?"

"ಇನ್ನೂ ಐತಿ. ಒತ್ತಿ ಹಿಡಿ."

ಅವರಿಬ್ಬರೂ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿ ಎಷ್ಟೋ ದಿನಗಳಾಗಿದ್ದವು.

"ಈಗ ಪೆಡಲ್ ಗಟ್ಟಿ ಆತ್ರಿ," ಎಂದಳು ಅವ್ವ.

ಅಪ್ಪ ಬಹಳ ಹೊತ್ತು ಕೆಳಗಿನಿಂದ ಏಳಲಿಲ್ಲ. ಎದ್ದವನು ಕೈ ಒರೆಸಿಕೊಳ್ಳುತ್ತ, "ನಾಳೆ ಹೋದ್ರ ನಡೀತೈತೇನು?" ಎಂದು ಕೇಳಿದ.

ಅವ್ವ ತನ್ನ ಜಾಗಕ್ಕೆ ಸರಿದು ಮುಂದಿನ ರಸ್ತೆ ನೋಡಿದಳು. ಅಪ್ಪ ಹಾಕಿದ ಗೇರ್ ಸಲೀಸಾಗಿ ಬಿತ್ತು. ಗಾಡಿ ಹುಕ್ಕೇರಿ ಕಡೆ ಹೊರಟಿತು.